ಟಿಕೆಟ್ಟು ಅಂಟಿಸಿದ ಚಿತ್ರಗಳು

ಹ್ಯಾನೋವರ್ ಎಂಬ ಹೆಸರು ನಮ್ಮಂಥ ಚರಿತ್ರೆ ಹೇಳುವವರ ಬಾಯಲ್ಲಿ ಯಾವಾಗಲಾದರೊಮ್ಮೆ ಬಂದು ಹೋಗುವಂಥದು. 1714ರಲ್ಲಿ ಇಂಗ್ಲೆಂಡಿಗೆ ದೊರೆ ಸಿಕ್ಕಿದ್ದು ಆ ಜರ್ಮನ್ ಮನೆತನದಿಂದ ಎಂದು ಹೇಳಿ ಪುಟ ತಿರುಗಿಸುತ್ತೇವೆ. ಆ ಊರನ್ನು ಕಣ್ಣಾರೆ ಕಾಣುವ ಯೋಗ ನನಗೆ 2018ರಲ್ಲಿ ಬಂತು. ಮಗಳು ಅಲ್ಲಿ ಓದುತ್ತಿದ್ದಳು. ಹಟ ಹಿಡಿದು ಕರೆಸಿಕೊಂಡಳು. ಒಂದು ದಿನ ಜಿಟಿಜಿಟಿ ಮಳೆ, ಅವಳಿಗೆ ಕ್ಲಾಸು. ಕೆರೆಯ ದಂಡೆಯ ಹತ್ತಿರವಿರುವ ಸ್ಪ್ರೆಂಗೆಲ್ ಮ್ಯೂಸಿಯಮ್ಮಿನ ಒಳಗೆ ನನ್ನನ್ನು ಬಿಟ್ಟು, “ನಾಲ್ಕು ಗಂಟೆಗೆ ಬರ್ತೀನಿ ಅಮ್ಮಾ, ಇಲ್ಲೇ ಇರು” ಎಂದು, ಮಕ್ಕಳನ್ನು ಅಂಗನವಾಡಿಗೆ ಬಿಟ್ಟು ಹೋಗುವವರ ಹಾಗೆ ಹೋದಳು.

ಚಿತ್ರಕಲೆಯಲ್ಲಿ ನನ್ನ ತಿಳಿವಳಿಕೆ ಕ್ಯಾಲೆಂಡರಿನ ರವಿವರ್ಮನ ಹತ್ತಿರ ನಿಂತುಬಿಡುವಂಥದು. ಅಮೂರ್ತ ಚಿತ್ರ ಎಂದರೆ ತಲೆಬುಡ ತಿಳಿಯದ್ದು ಎಂದೇ ನನ್ನ ಲೆಕ್ಕ. ಒಂದೊಂದೇ ಕೋಣೆ ದಾಟುತ್ತಾ ಹೋದೆ. ಒಂದು ಕಡೆ ಗೋಡೆಯ ಮೇಲೆ ಸಣ್ಣ ಸಣ್ಣ ಚಿತ್ರಗಳಿದ್ದವು, ಪೋಸ್ಟ್ ಕಾರ್ಡಿನಷ್ಟು, ಹೆಚ್ಚೆಂದರೆ ನೋಟ್‌ಬುಕ್ಕಿನ ಹಾಳೆಯಷ್ಟು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದೆ. ಕುಂಚದ ಕೆಲಸ ಇದ್ದೂ ಇಲ್ಲದಷ್ಟು. ಮಿಕ್ಕಿದ್ದೆಲ್ಲ ಹರಿದ ಕಾಗದ, ಅಂಗಡಿಯ ಪೊಟ್ಟಣದ ಮೇಲಿನ ಅಚ್ಚು, ಬಟ್ಟೆಯ ಚೂರು, ಅಂಚೆಚೀಟಿ, ಮತ್ತೆ ಟ್ರಾಮಿನ ಟಿಕೆಟ್ಟುಗಳು. ಒಂದರ ಮೇಲೊಂದು ಓರೆಯಾಗಿ ಅಂಟಿಸಿ, ಹಳೆಯದಾಗಿ ಚಹದ ಬಣ್ಣಕ್ಕೆ ತಿರುಗಿದ್ದವು. ಟಿಕೆಟ್ಟಿನ ಮೇಲಿನ ನಂಬರು ಸಹ ಓದಲು ಬರುತ್ತಿತ್ತು.

ಎದೆ ಧಸಕ್ಕೆಂದಿತು. ಯಾಕೆಂದರೆ ಇಂಥ ಒಂದು ಚಿತ್ರವನ್ನು ನಾನು ಮೊದಲೇ ಕಂಡಿದ್ದೆ, ನಮ್ಮ ಸಾಲಿಯಲ್ಲೇ.

1998ರ ಮಾತು. ಎಂಟನೆಯ ತರಗತಿಗೆ ‘ಚರಿತ್ರೆಯ ಆಧಾರಗಳು’ ಪಾಠ ಮುಗಿಸಿ, ಶಾಸನ, ನಾಣ್ಯ, ತಾಮ್ರಪಟ, ಓಲೆಗರಿ ಏನಾದರೂ ಒಂದರ ಚಾರ್ಟು ಬರೆದುಕೊಂಡು ಬನ್ನಿ ಎಂದಿದ್ದೆ. ಎಲ್ಲರೂ ಪುಸ್ತಕದಲ್ಲಿದ್ದ ಹಲ್ಮಿಡಿ ಶಾಸನವನ್ನೇ ಬರೆದು ತಂದಿದ್ದರು, ಕೆಲವರದು ಶಾಸನವೋ ರೊಟ್ಟಿ ಹಂಚೋ ತಿಳಿಯುವಂತಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಹಾಳೆಯ ತುಂಬ ಬಸ್ ಟಿಕೆಟ್ಟು ಅಂಟಿಸಿಕೊಂಡು ಬಂದಿದ್ದ. ಆಗ ಬಣ್ಣಬಣ್ಣದ ಕಾಗದದ ಟಿಕೆಟ್ಟುಗಳು, ಕಂಡಕ್ಟರು ತೂತು ಹೊಡೆದು ಕೊಡುತ್ತಿದ್ದ. ನಡುನಡುವೆ ಬೀಡಿಕಟ್ಟಿನ ಕಾಗದ, ಕಡ್ಡಿಪೆಟ್ಟಿಗೆಯ ಚಿತ್ರ.

“ಇದೇನೋ ಇದು?”

“ಚಿತ್ರಾರಿ ಟೀಚರ್.”

“ಯಾವುದರ ಚಿತ್ರ?”

“ಯಾವುದರದೂ ಅಲ್ಲರೀ. ಸುಮ್ಮ ಹಚ್ಚೇನ್ರಿ. ಚಂದ ಕಾಣಸತೈತ್ರಿ.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಸಿಟ್ಟು ಬಂತು. “ಕಸಾ ಆರಿಸಿ ತಂದು ಹಚ್ಚಿ ಚಾರ್ಟ್ ಅಂತೀಯೇನೋ, ಹೊರಗ ಒಗದು ಬಾ” ಎಂದೆ. ಅವನು ಹೊರಗೆ ಹೋಗಿ ಒಗೆದೇ ಬಂದ. ಅಳಲಿಲ್ಲ, ಎದುರಾಡಲಿಲ್ಲ. ಆಮೇಲೆ ನನ್ನ ತಾಸಿನಲ್ಲಿ ತಾನಾಗಿ ಅವನು ಏನನ್ನೂ ತರಲಿಲ್ಲ.

ಗೋಡೆಯ ಮೇಲಿನ ಚಿತ್ರಗಳನ್ನು ಮಾಡಿದವನ ಹೆಸರು ಕುರ್ಟ್ ಶ್ವಿಟರ್ಸ್. ಹುಟ್ಟಿದ್ದು ಇದೇ ಹ್ಯಾನೋವರಿನಲ್ಲಿ, 1887ರಲ್ಲಿ. ಬಾಡಿಗೆ ಮನೆಗಳ ವರಮಾನವಿದ್ದ ಅನುಕೂಲಸ್ಥ ಕುಟುಂಬ. ಚಿಕ್ಕಂದಿನಲ್ಲಿ ಅವನಿಗೊಂದು ಪುಟ್ಟ ತೋಟವಿತ್ತಂತೆ. ಅದರಲ್ಲಿ ಗುಲಾಬಿ, ಸ್ಟ್ರಾಬೆರಿ, ತಾನೇ ಕಟ್ಟಿದ ಗುಡ್ಡ, ಹೊಂಡ. ಊರ ಹುಡುಗರು ಬಂದು ಅವನ ಕಣ್ಣೆದುರೇ ಅದನ್ನು ಅಗೆದು ಹಾಳುಮಾಡಿದರು. ಆ ಆಘಾತಕ್ಕೆ ಮೈನಡುಕದ ಕಾಯಿಲೆ ಹಿಡಿದು ಹಾಸಿಗೆ ಸೇರಿದೆ ಎಂದು ಅವನೇ ಬರೆದುಕೊಂಡಿದ್ದಾನೆ. ಫಿಟ್ಸ್ ಅವನನ್ನು ಮುಂದೆಯೂ ಬಿಡಲಿಲ್ಲ. ಕೈಯಾರೆ ಮಾಡಿದ್ದನ್ನು ಇತರರು ಕೆಡಿಸುವುದು ಅವನ ಬಾಳಿನಲ್ಲಿ ಅಲ್ಲಿಗೇ ಮುಗಿಯಲೂ ಇಲ್ಲ.

ಡ್ರೆಸ್ಡೆನ್ನಿನ ಅಕಾಡೆಮಿಯಲ್ಲಿ ಅವನು ಕಲಿತದ್ದು ಶಾಸ್ತ್ರೋಕ್ತ ಚಿತ್ರಕಲೆ: ಹೂದಾನಿ, ಭಾವಚಿತ್ರ, ಬಯಲು. 1917ರಲ್ಲಿ ಸೈನ್ಯಕ್ಕೆ ಕರೆ ಬಂತು. ಕೆಲವೇ ತಿಂಗಳಲ್ಲಿ ನೀನು ಇದಕ್ಕೆ ಆಗುವವನಲ್ಲ ಎಂದು ಬಿಟ್ಟರು. ಹತ್ತಿರದ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಹಾಕಿದರು. ಗಾಲಿ, ಹಲ್ಲಿನ ಚಕ್ರಗಳ ಮೋಹ ಅವನಿಗೆ ಹತ್ತಿದ್ದು ಅಲ್ಲಿ.

1918ರ ನವೆಂಬರ್ 9ರಂದು ಕೈಸರ್ ಪಟ್ಟ ಬಿಟ್ಟ. 11ರಂದು ಯುದ್ಧ ನಿಂತಿತು. ಮರುವರ್ಷ ಜೂನ್ 28ಕ್ಕೆ ವರ್ಸೇಲ್ಸ್ ಒಪ್ಪಂದ. ಇವಿಷ್ಟನ್ನೂ ನಾವು ಕರಿಹಲಗೆಯ ಮೇಲೆ ಇಸವಿ ಹಾಕಿ ಬರೆಯುತ್ತೇವೆ. ಒಪ್ಪಂದದ ಕಲಮುಗಳು ನನಗೆ ಈಗಲೂ ಬಾಯಿಪಾಠ. ಆದರೆ ಸೋತ ದೇಶದ ಒಂದು ಊರಿನಲ್ಲಿ ಮರುದಿನ ಬೆಳಿಗ್ಗೆ ಬೀದಿಯಲ್ಲಿ ಏನು ಬಿದ್ದಿತ್ತು ಎಂದು ಯಾವ ಹುಡುಗನೂ ಕೇಳಿಲ್ಲ, ನಾನೂ ಹೇಳಿಲ್ಲ. ಶ್ವಿಟರ್ಸ್ ಅದನ್ನೇ ಆರಿಸಿಕೊಂಡ. ಎಲ್ಲವೂ ಮುರಿದುಬಿದ್ದಿದೆ, ಇನ್ನು ಹೊಸದನ್ನು ಕಟ್ಟುವುದಾದರೆ ಈ ಚೂರುಗಳಿಂದಲೇ ಎಂಬುದು ಅವನ ತೀರ್ಮಾನ. ಮಿತವ್ಯಯವೂ ಒಂದು ಕಾರಣವೆಂದು ಅವನು ಮರೆಮಾಚದೆ ಹೇಳುತ್ತಾನೆ. ಬಡವಾಗಿದ್ದ ದೇಶದಲ್ಲಿ ಕೈಗೆ ಸಿಕ್ಕಿದ್ದೇ ಸಾಮಗ್ರಿ. ಈ ಮಾತು ಕೇಳಿದ ಮೇಲೆ ನನಗೆ ಅವನ ಮೇಲೆ ವಿಶ್ವಾಸ ಹುಟ್ಟಿತು.

ಚಿತ್ರಕ್ಕೆ ಕಾಗದ ಅಂಟಿಸಿದವರಲ್ಲಿ ಅವನೇನೂ ಮೊದಲಿಗನಲ್ಲ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ ಮೇಣಗಪ್ಪಡದ ತುಂಡನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತಲೂ ಹಗ್ಗ ಬಿಗಿದಿದ್ದ. ಅದೇ ವರ್ಷ ಬ್ರಾಕ್ ಮರದ ಗೆರೆಗಳಿದ್ದ ಗೋಡೆಕಾಗದ ಕತ್ತರಿಸಿ ಹಚ್ಚಿದ. ಆದರೆ ಅವರ ಚಿತ್ರದಲ್ಲಿ ಹುಡುಕಿದರೆ ಮೇಜು, ಗಾಜಿನ ಲೋಟ, ಹಣ್ಣಿನ ಬಟ್ಟಲು ಸಿಕ್ಕುತ್ತವೆ. ಶ್ವಿಟರ್ಸನಲ್ಲಿ ಎಷ್ಟು ಹುಡುಕಿದರೂ ಏನೂ ಸಿಕ್ಕುವುದಿಲ್ಲ. ಟಿಕೆಟ್ಟು ಟಿಕೆಟ್ಟಾಗಿಯೇ, ಕೆಂಪು ಕೆಂಪಾಗಿಯೇ ಇರುತ್ತದೆ. ಯಾವುದರ ಚಿತ್ರವೂ ಅಲ್ಲ.

1919ರಲ್ಲಿ ಅವನು ಒಂದು ಬ್ಯಾಂಕಿನ ಜಾಹೀರಾತನ್ನು ಕತ್ತರಿಸಿ ಹಚ್ಚುವಾಗ ‘ಕೊಮೆರ್ತ್ಸ್ ಉಂಡ್ ಪ್ರಿವಾಟ್‌ಬಾಂಕ್’ ಎಂಬ ಹೆಸರಿನಲ್ಲಿ ‘ಮೆರ್ತ್ಸ್’ ಎಂಬ ಚೂರು ಮಾತ್ರ ಉಳಿಯಿತು. ವಾಣಿಜ್ಯ ಎಂಬ ಮಾತಿನ ಬಾಲ ಅದು, ಸ್ವತಃ ಅರ್ಥವಿಲ್ಲ. ಅವನಿಗೆ ಅದೇ ಹಿಡಿಸಿತು. ತನ್ನ ಚಿತ್ರಗಳಿಗೆಲ್ಲ ‘ಮೆರ್ತ್ಸ್’ ಎಂದೇ ಹೆಸರಿಟ್ಟ. ಹೆಸರನ್ನೂ ರದ್ದಿಯಿಂದಲೇ ಆರಿಸಿದ ಹಾಗಾಯಿತು. ಕೊಳವೆಯಲ್ಲಿ ಬರುವ ಬಣ್ಣಕ್ಕೆ ಇರುವ ಮಾನವೇ ಮಗುವಿನ ಗಾಡಿಯ ಗಾಲಿಗೂ ತಂತಿಬಲೆಗೂ ದಾರಕ್ಕೂ ಹತ್ತಿಗೂ ಇರಬೇಕು ಎಂದು ಅದೇ ವರ್ಷ ಸಾರಿದ. ನ್ಯೂಯಾರ್ಕಿನಲ್ಲಿರುವ ಆ ವರ್ಷದ ಒಂದು ಚಿತ್ರದಲ್ಲಿ ಮರ, ಲೋಹ, ಹುರಿ, ರಟ್ಟು, ಉಣ್ಣೆ, ತಂತಿ, ತೊಗಲು ಎಲ್ಲ ಸೇರಿ ಗ್ರಹಗಳ ಸುತ್ತಾಟದ ಹಾಗೆ ತಿರುಗುತ್ತವೆ. ಬರ್ಲಿನ್ನಿನ ದಾದಾ ಪಂಥದ ಬಿಸಿರಕ್ತದವರು ಇವನು ತೀರಾ ಸಂಸಾರಸ್ಥ ಎಂದು ತಮ್ಮ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಅದೇನೂ ಸುಳ್ಳಲ್ಲ. ಅಪ್ಪನ ಮನೆಯಲ್ಲಿ ಹೆಂಡತಿ ಹೆಲ್ಮಾ, ಮಗ ಎರ್ನ್‌ಸ್ಟ್‌ ಜೊತೆ ಇದ್ದು, ಹೊಟ್ಟೆಪಾಡಿಗೆ ಜಾಹೀರಾತಿನ ಅಕ್ಷರ ಜೋಡಿಸುತ್ತಿದ್ದ. ನಾವು ಪೆನ್ನಿಗೆ ತುಂಬಿಸುತ್ತಿದ್ದ ಪೆಲಿಕನ್ ಶಾಯಿ ಇದೆಯಲ್ಲ, ಆ ಹ್ಯಾನೋವರಿನ ಕಂಪೆನಿಗೂ ಅವನು ಜಾಹೀರಾತು ಮಾಡಿಕೊಟ್ಟವನೇ.

ಅವನು ಅಂಟಿಸುವ ಬಗೆಯನ್ನು ಕಂಡವರು ಬರೆದಿದ್ದಾರೆ. ಹಿಟ್ಟನ್ನು ನೀರಿನಲ್ಲಿ ಕಲಸಿದ ಅಂಟನ್ನು ಹಾಳೆಯ ಮೇಲೆ ಧಾರಾಳವಾಗಿ ಸವರುತ್ತಿದ್ದ. ಅದರ ಮೇಲೆ ಚೂರುಗಳನ್ನಿಟ್ಟು, ಹಸಿ ಇರುವಾಗಲೇ ಬೆರಳ ತುದಿಯಿಂದ ಅತ್ತಿತ್ತ ಸರಿಸುತ್ತಾ, ಅಂಟನ್ನು ಚೂರುಗಳೊಳಕ್ಕೆ ತಿಕ್ಕುತ್ತಾ ಹೋಗುತ್ತಿದ್ದ. ಸಾಕೆನಿಸಿದಾಗ ಒದ್ದೆ ಬಟ್ಟೆಯಿಂದ ಹೆಚ್ಚಿನ ಅಂಟು ಒರೆಸುತ್ತಿದ್ದ. ಒಂದು ಕೆಂಪು ಚೂರು ಎಡಕ್ಕಿದ್ದರೆ ಚಿತ್ರ ವಾಲುತ್ತದೆ. ಕಾಲಂಗುಲ ಬಲಕ್ಕೆ ಸರಿಸಿದರೆ ನಿಲ್ಲುತ್ತದೆ. ರಂಗೋಲಿಯ ಚುಕ್ಕಿ ತಪ್ಪಿದಾಗ ಬೆರಳಿನಿಂದ ಒರೆಸಿ ಮತ್ತೆ ಇಡುವವರಿಗೆ ಈ ಕಷ್ಟ ಗೊತ್ತಿರುತ್ತದೆ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಅಂಟಿಸುವ ಕೆಲಸ ಇದಲ್ಲ.

ಇಲ್ಲಿ ನನಗೊಂದು ತೊಡಕು ಬಂತು. ಚೂರು ಚಿತ್ರದೊಳಗೆ ಬಂದ ಮೇಲೆ ತನ್ನ ಹಿಂದಿನ ಜನ್ಮವನ್ನು ಮರೆಯಬೇಕು, ಅದರ ಸ್ವಂತದ ವಿಷ ಇಳಿಯಬೇಕು ಎಂಬುದು ಶ್ವಿಟರ್ಸನ ವಾದ. ಟಿಕೆಟ್ಟು ಯಾವ ಊರಿನದು, ಯಾರು ಕೊಂಡದ್ದು ಎಂಬುದು ಅವನಿಗೆ ಬೇಡ; ಅದರ ಕಂದುಬಣ್ಣ, ಅದರ ಅಂಚು ಅಷ್ಟೇ ಬೇಕು. ಚರಿತ್ರೆ ಕಲಿಸುವವಳಿಗೆ ಇದು ಒಪ್ಪುವ ಮಾತೇ? ನನ್ನ ಕಣ್ಣು ಮೊದಲು ಹೋದದ್ದೇ ನಂಬರಿಗೆ. ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಒಂದೊಂದು ತುಂಡಿಗೂ ಅವಳಲ್ಲಿ ಕಥೆಯಿತ್ತು: ಇದು ನಿಮ್ಮಜ್ಜಿಯ ಇಳಕಲ್ ಸೀರೆ, ಇದು ನೀ ಹುಟ್ಟಿದಾಗ ಸೋದರಮಾವ ತಂದ ಕುಪ್ಪಸದ ಖಣ, ಇದು ತೀರಿಹೋದ ತಮ್ಮನ ಅಂಗಿ. ಕೌದಿ ಹೊದ್ದರೆ ಮನೆಮಂದಿಯನ್ನೆಲ್ಲ ಹೊದ್ದ ಹಾಗೆ. ಅಲ್ಲಿ ಮರೆವಿಗೆ ಎಡೆಯಿಲ್ಲ. ಹ್ಯಾನೋವರಿನ ಈ ಮಹರಾಯ ಮಾತ್ರ ಮರೆಯಲಿಕ್ಕೆಂದೇ ಹೊಲಿದವನು.

ಆದರೆ ಚೂರುಗಳು ಅವನ ಮಾತು ಕೇಳಲಿಲ್ಲ ಎಂದೇ ನನಗನಿಸುತ್ತದೆ. 1920ರ ಅವನ ‘ನಕ್ಷತ್ರ ಚಿತ್ರ’ದಲ್ಲಿ ಹಗ್ಗ, ಮರದ ತುಂಡುಗಳ ನಡುವೆ ಪತ್ರಿಕೆಯ ಹರುಕುಗಳಿವೆ, ಅವುಗಳಲ್ಲಿ ಅಂದಿನ ರಾಜಕೀಯದ ಅರ್ಧರ್ಧ ಪದಗಳು. ಅರ್ಧಕ್ಕೇ ಹರಿದಿರುವುದರಿಂದ ಇನ್ನೂ ಕೂಗುವ ಹಾಗೆ ಕೇಳಿಸುತ್ತವೆ. ಅಂಥ ದಿನಗಳೇ ಅವು. ಮೂರು ವರ್ಷ ಕಳೆದು 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಯಿತು. ನೋಟೂ ರದ್ದಿಯೂ ಒಂದೇ ಆಗಿಹೋದ ದೇಶದಲ್ಲಿ ರದ್ದಿಯಿಂದ ಚಿತ್ರ ಮಾಡುವವನನ್ನು ಹುಚ್ಚನೆಂದು ಹೇಗೆ ಅನ್ನುವುದು?

ಆ ಹೊತ್ತಿಗೇ ಅವನು ಮನೆಯೊಳಗೆ ಇನ್ನೊಂದು ಕೆಲಸ ಹಿಡಿದಿದ್ದ. ಚಿತ್ರ ಹಾಳೆಯಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ ಹಬ್ಬಿತು. ಮರ, ಗಾರೆಗಳ ಕೋನಗಳು ಕೋಣೆಯ ತುಂಬ ಬೆಳೆದವು, ನಡುವೆ ಗೂಡುಗಳು. ಗೆಳೆಯರಿಂದ ಕೇಳಿಯೋ ಕದ್ದೋ ತಂದ ಸಾಮಾನುಗಳನ್ನು ಆ ಗೂಡುಗಳಲ್ಲಿಡುತ್ತಿದ್ದ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆಯ ಮೇಜಿನಿಂದ ಎತ್ತಿದ ಪೆನ್ಸಿಲ್ ತುಂಡು ಒಂದರಲ್ಲಿ, ಸಿನಿಮಾ ಮಾಡುತ್ತಿದ್ದ ಹಾನ್ಸ್ ರಿಕ್ಟರನ ಕೂದಲು ಇನ್ನೊಂದರಲ್ಲಿ. ಮೇಲೆ ಮೇಲೆ ಕಟ್ಟುತ್ತ ಹೋದಂತೆ ಹಳೆಯ ಗೂಡುಗಳು ಮುಚ್ಚಿಹೋದವು. ಇದು ‘ಮೆರ್ತ್ಸ್‌ಬಾವ್’, ಮೆರ್ತ್ಸ್ ಕಟ್ಟಡ. 1923ರ ಸುಮಾರಿಗೆ ಶುರುವಾದದ್ದು 1937ರವರೆಗೆ ನಡೆಯಿತು. ಚೂರುಗಳು ಮರೆಯಬೇಕು ಎನ್ನುತ್ತಿದ್ದವನು ಗೆಳೆಯರ ಗುರುತುಗಳನ್ನು ಹೀಗೆ ಗೋಡೆಯೊಳಗೆ ಬಚ್ಚಿಟ್ಟುಕೊಂಡನಲ್ಲ! ಅವನೂ ನಮ್ಮವ್ವನ ಪೈಕಿಯೇ ಎಂದುಕೊಂಡೆ.

ಈ ಕೋಣೆಯ ಮರುರಚನೆ ಆ ಮ್ಯೂಸಿಯಮ್ಮಿನಲ್ಲಿದೆ. 1933ರ ಫೋಟೋಗಳನ್ನು ನೋಡಿ 1980ರ ದಶಕದಲ್ಲಿ ಕಟ್ಟಿದ್ದು. ಒಳಗೆ ಹೋಗಿ ನಿಂತರೆ ಬಿಳಿಯ ಗುಹೆಯಲ್ಲಿ ನಿಂತ ಹಾಗೆ. ಚೆನ್ನಾಗಿದೆ. ಆದರೆ ಆ ಗೂಡುಗಳೊಳಗಿನ ವಸ್ತುಗಳನ್ನು ಯಾರು ಮತ್ತೆ ತರಬೇಕು?

1933ರಲ್ಲಿ ಹಿಟ್ಲರ್ ಬಂದ. ಇಂಥ ಚಿತ್ರಗಳು ರೋಗದ ಲಕ್ಷಣ ಎಂದಾಯಿತು. ಗೆಸ್ಟಾಪೊ ಕಣ್ಣಿಡುತ್ತಿದೆ ಎಂದು ತಿಳಿದು 1937ರ ಜನವರಿಯಲ್ಲಿ ಶ್ವಿಟರ್ಸ್ ನಾರ್ವೆಗೆ ಹೊರಟ. ಮಗ ಕೆಲವೇ ದಿನ ಮುಂಚೆ ಹೋಗಿದ್ದ. ಹೆಲ್ಮಾ ಮನೆ, ಆಸ್ತಿ, ಹಿರಿಯರನ್ನು ನೋಡಿಕೊಳ್ಳಲು ಹಿಂದುಳಿದಳು. ಯುದ್ಧ ಹತ್ತುವವರೆಗೂ ನಾರ್ವೆಗೆ ಹೋಗಿ ಗಂಡನನ್ನು ಕಂಡು ಬರುತ್ತಿದ್ದಳು. ಆಮೇಲೆ ಅದೂ ನಿಂತಿತು. ಕಲಾ ಚರಿತ್ರೆಗಳು ಈ ಹೆಣ್ಣುಮಗಳಿಗೆ ಒಂದೆರಡು ಸಾಲು ಕೊಡುತ್ತವೆ. ಹಿಂದೆ ಉಳಿದು ಬೀಗದ ಕೈ ಕಾಯ್ದವರಿಗೆ ಚರಿತ್ರೆಯಲ್ಲಿ ಅಷ್ಟೇ ಜಾಗ.

1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ‘ಭ್ರಷ್ಟ ಕಲೆ’ ಎಂಬ ಪ್ರದರ್ಶನ ತೆರೆಯಿತು. ಮ್ಯೂಸಿಯಮ್ಮುಗಳಿಂದ ಕಿತ್ತು ತಂದ ಚಿತ್ರಗಳನ್ನು ಒತ್ತೊತ್ತಾಗಿ, ಬೇಕೆಂದೇ ಓರೆಕೋರೆಯಾಗಿ ತೂಗುಹಾಕಿ, ಪಕ್ಕದಲ್ಲಿ ಅಪಹಾಸ್ಯದ ಬರಹ ಬರೆದಿದ್ದರು. ಪ್ರವೇಶ ಉಚಿತ. ಅಲ್ಲೊಂದೇ ಕಡೆ 20 ಲಕ್ಷ ಜನ ನೋಡಿದರು. ಶ್ವಿಟರ್ಸನ ಆ ಮೊದಲ ‘ಮೆರ್ತ್ಸ್’ ಚಿತ್ರ, ಬ್ಯಾಂಕಿನ ಬಾಲವಿದ್ದದ್ದು, ಡ್ರೆಸ್ಡೆನ್ನಿನ ಮ್ಯೂಸಿಯಮ್ಮಿನಲ್ಲಿತ್ತು. ಅದನ್ನೂ ತಂದು ನಗೆಪಾಟಲಿಗಿಟ್ಟರು. ಜನ ಸಾಲುಗಟ್ಟಿ ಬಂದು ನಕ್ಕರು. ಈ ಭಾಗವನ್ನು ಓದುವಾಗ ನನಗೆ ನನ್ನ ಕ್ಲಾಸಿನ ನಗು ಕಿವಿಯಲ್ಲಿ ಕೇಳಿಸಿತು. ಹೋಲಿಕೆ ಅತಿಯಾಯಿತು ಎಂದು ನೀವು ಅನ್ನಬಹುದು. ಇರಲಿ. ಕೇಳಿಸಿದ್ದು ಹೌದು.

ನಾರ್ವೆಯಲ್ಲಿ ಅವನು ಮತ್ತೆ ಒಂದು ಕಟ್ಟಡ ಹಿಡಿದ. 1940ರ ಏಪ್ರಿಲ್ 9ರಂದು ಜರ್ಮನರು ಅಲ್ಲಿಗೂ ಬಂದರು. ಉತ್ತರಕ್ಕೆ ಓಡಿ, ಹಿಮ ಒಡೆಯುವ ಹಡಗೊಂದರಲ್ಲಿ ಮಗ ಸೊಸೆಯೊಂದಿಗೆ ಸ್ಕಾಟ್ಲೆಂಡ್ ತಲುಪಿದರೆ, ಬ್ರಿಟಿಷರು ಜರ್ಮನ್ ಪ್ರಜೆ, ಶತ್ರುದೇಶದವನು ಎಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿಟ್ಟರು. ಅಲ್ಲಿ 16 ತಿಂಗಳು. ಅಲ್ಲಿಯೂ ಅವನು ಸುಮ್ಮನೆ ಕೂರಲಿಲ್ಲ. ಚಹದ ಪೆಟ್ಟಿಗೆಯ ಹಲಗೆ, ನೆಲದ ಲಿನೋಲಿಯಮ್ ಕಿತ್ತು ಅದರ ಮೇಲೆ ಸಹಬಂದಿಗಳ ಭಾವಚಿತ್ರ ಬರೆದ. ಬೆಳಗಿನ ಊಟದಲ್ಲಿ ಉಳಿದ ಓಟ್ಸಿನ ಗಂಜಿಯನ್ನು ಕೂಡಿಟ್ಟು ಶಿಲ್ಪ ಮಾಡಿದ. ಅದು ಹಸಿರು ಬೂಷ್ಟು ಹಿಡಿದು ನಾತ ಹೊಡೆಯುತ್ತಿತ್ತಂತೆ. ಜೊತೆಯಲ್ಲಿದ್ದವರ ತಾಳ್ಮೆ ದೊಡ್ಡದು.

1941ರ ನವೆಂಬರಿನಲ್ಲಿ ಬಿಡುಗಡೆಯಾಗಿ ಲಂಡನ್ನಿಗೆ ಬಂದ. 1943ರ ಅಕ್ಟೋಬರ್ 8-9ರ ರಾತ್ರಿ ಮಿತ್ರರಾಷ್ಟ್ರಗಳ ಬಾಂಬಿಗೆ ಹ್ಯಾನೋವರಿನ ಮನೆ, 14 ವರ್ಷ ಕಟ್ಟಿದ ಆ ಕೋಣೆಗಳ ಸಮೇತ ನೆಲಸಮವಾಯಿತು. ಅವನ ಚಿತ್ರವನ್ನು ನೋಡಿ ನಕ್ಕವರು ಹಿಟ್ಲರನ ಕಡೆಯವರು. ಮನೆ ಕೆಡವಿದವರು ಅವನಿಗೆ ಆಶ್ರಯ ಕೊಟ್ಟ ಕಡೆಯವರು. 1944ರಲ್ಲಿ ಹೆಲ್ಮಾ ಕ್ಯಾನ್ಸರಿನಿಂದ ತೀರಿಕೊಂಡಳು. ಸುದ್ದಿ ಮುಟ್ಟಿದ್ದೂ ತಡವಾಗಿ. ನಾರ್ವೆಯ ಕಟ್ಟಡವೂ ಅವನು ಸತ್ತ ಮೇಲೆ 1951ರಲ್ಲಿ ಸುಟ್ಟುಹೋಯಿತು.

ಲಂಡನ್ನಿನ ವರ್ಷಗಳ ಅವನ ಚಿತ್ರಗಳಲ್ಲಿ ಬಸ್ ಟಿಕೆಟ್ಟು, ಮಿಠಾಯಿ ಸುತ್ತಿದ ಕಾಗದಗಳು ಬರುತ್ತವೆ. ಹ್ಯಾನೋವರಿನ ಹಳೆಯ ಗೆಳತಿ ಕೇಟ್ ಸ್ಟೈನಿಟ್ಸ್ ಅಮೆರಿಕದಿಂದ ಕಳಿಸಿದ ಬಣ್ಣದ ಕಾಮಿಕ್ ಪುಟಗಳನ್ನು ಕತ್ತರಿಸಿ 1947ರಲ್ಲಿ ಅವಳ ಹೆಸರಿನಲ್ಲೇ ಒಂದು ಚಿತ್ರ ಮಾಡಿದ. ಹರುಕುಗಳನ್ನು ಇಸವಿಯ ಪ್ರಕಾರ ಜೋಡಿಸಿ ನೋಡಿದರೆ ಅವನ ಪ್ರಯಾಣವೆಲ್ಲ ತಿಳಿಯುತ್ತದೆ: ಮೊದಲು ಜರ್ಮನ್ ಅಕ್ಷರ, ಆಮೇಲೆ ನಾರ್ವೆಯ ಕಾಗದ, ಆಮೇಲೆ ಇಂಗ್ಲಿಷು. ಪಾಸ್‌ಪೋರ್ಟಿನಲ್ಲಿ ಮುದ್ರೆಗಳಿರುವ ಹಾಗೆ. ಅವನು ಮರೆಸಲು ನೋಡಿದ್ದನ್ನು ಅಂಟು ಹಿಡಿದುಕೊಂಡಿದೆ.

1945ರಲ್ಲಿ ಇಂಗ್ಲೆಂಡಿನ ಕೆರೆಗಳ ಸೀಮೆಯ ಆಂಬಲ್‌ಸೈಡ್ ಎಂಬ ಸಣ್ಣ ಊರಿಗೆ ಹೋದ. ಜೊತೆಗೆ ಎಡಿತ್ ಥಾಮಸ್ ಎಂಬಾಕೆ. ಹೊತ್ತುಹೊತ್ತಿಗೆ ಚಹ ಬೇಕೇ ಎಂದು ಕೇಳುತ್ತಿದ್ದುದಕ್ಕೆ ‘ವಾಂಟೀ’ ಎಂದೇ ಅವಳನ್ನು ಕರೆಯುತ್ತಿದ್ದ. ಊರವರಿಗೆ ಅವನು ಹೂವಿನ ಚಿತ್ರ, ಭಾವಚಿತ್ರ ಬರೆದುಕೊಡುವ ಬಡ ಮುದುಕ. 1947ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಿಂದ 1000 ಡಾಲರ್ ನೆರವು ಬಂತು. 60 ವರ್ಷದ, ಆರೋಗ್ಯ ಕೆಟ್ಟ ಮನುಷ್ಯ, ಎಲ್ಟರ್‌ವಾಟರ್ ಎಂಬಲ್ಲಿ ಹಿಂದೆ ಮದ್ದಿನಪುಡಿಯ ಕಾರ್ಖಾನೆಗೆ ಸೇರಿದ್ದ ಕಲ್ಲಿನ ಕೊಟ್ಟಿಗೆಯಲ್ಲಿ ಮೂರನೆಯ ಬಾರಿಗೆ ಕಟ್ಟಲು ಶುರುಮಾಡಿದ. ಚಳಿ, ತೇವ. ಒಂದು ಗೋಡೆ ಆಗುವಷ್ಟರಲ್ಲಿ ಡಿಸೆಂಬರ್ ಬಂತು. 1948ರ ಜನವರಿ 7ರಂದು ಬ್ರಿಟಿಷ್ ಪೌರತ್ವ ಮಂಜೂರಾದ ಕಾಗದ ಬಂತು. 8ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಜೀವಮಾನವೆಲ್ಲ ಕಾಗದ ಆರಿಸಿದವನಿಗೆ ಬೇಕಾಗಿದ್ದ ಒಂದು ಕಾಗದ ಬಂದದ್ದು ಹೀಗೆ. ಆ ಗೋಡೆಯನ್ನು 1965ರಲ್ಲಿ ಇಡಿಯಾಗಿ ಕಿತ್ತು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು. ಅವನ ಅವಶೇಷವನ್ನು 1970ರಲ್ಲಿ ಹ್ಯಾನೋವರಿಗೆ ತಂದು ಮಣ್ಣುಮಾಡಿದರು.

ನಾಲ್ಕು ಗಂಟೆಗೆ ಮಗಳು ಬಂದಾಗ ನಾನಿನ್ನೂ ಆ ಸಣ್ಣ ಚಿತ್ರಗಳ ಮುಂದೆಯೇ ಇದ್ದೆ. ಏನಮ್ಮಾ, ಅರ್ಥ ಆಯ್ತಾ ಎಂದು ಕೇಳಿದಳು. ಹುಡುಗನ ಸಂಗತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಚರಿತ್ರೆಯ ಆಧಾರ ತಾ ಅಂದಿದ್ದೆ, ಅವನು ತಂದಿದ್ದ ಅಲ್ವಾ” ಎಂದಳು. ಅಷ್ಟು ಸರಳವೂ ಅಲ್ಲ. ಅವನು ಆಧಾರವೆಂದು ತಂದಿರಲಿಲ್ಲ. ಚಂದ ಕಾಣುತ್ತದೆ ಎಂದು ತಂದಿದ್ದ. ನಾನು ಎರಡನ್ನೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ‘ಆಧಾರಗಳು’ ಪಾಠಕ್ಕೆ ಮನೆಯಿಂದ ಒಂದೊಂದು ಹಳೇ ಕಾಗದ ತನ್ನಿ ಎಂದು ಮಕ್ಕಳಿಗೆ ಹೇಳತೊಡಗಿದೆ. ಪಡಿತರದ ಚೀಟಿ, ಔಷಧದ ಅಂಗಡಿಯ ಬಿಲ್ಲು, ಮದುವೆಯ ಕರೆಯೋಲೆ ಬರುತ್ತವೆ. ಬಸ್ ಟಿಕೆಟ್ಟು ಈಗ ಯಂತ್ರದಿಂದ ಬರುವ ಬಿಳಿ ಚೀಟಿ, ಆರು ತಿಂಗಳಿಗೆ ಅಕ್ಷರ ಅಳಿಸಿಹೋಗುತ್ತದೆ.

ಮ್ಯೂನಿಕ್‌ನಲ್ಲಿ ನಗೆಗೀಡಾದ ಆ ಮೊದಲ ‘ಮೆರ್ತ್ಸ್’ ಚಿತ್ರ ಆಮೇಲೆ ಕಳೆದುಹೋಯಿತು. ಕಪ್ಪು-ಬಿಳುಪು ಫೋಟೋ ಮಾತ್ರ ಉಳಿದಿದೆ. ನಮ್ಮ ಸಾಲಿಯ ಹುಡುಗನ ಹಾಳೆಯದು ಫೋಟೋ ಕೂಡ ಇಲ್ಲ. ಮೇಲಿನ ಸಾಲಿನಲ್ಲಿ ನೀಲಿ ಟಿಕೆಟ್ಟುಗಳಿದ್ದವು, ಕೆಳಗೆ ಗುಲಾಬಿ, ನಡುವೆ ಓರೆಯಾಗಿ ಬೀಡಿಕಟ್ಟಿನ ಕಾಗದ. ಅಷ್ಟು ನೆನಪಿದೆ.